ಕೆರೆ ನೀರಿನಲ್ಲಿ ವಿಷವಿದೆಯೇ? ನೀರುಚಿಗಟ ಬಳಸಿ 48 ಗಂಟೆಯಲ್ಲಿ ಪರೀಕ್ಷಿಸುವ ಕ್ರಮ

ಬೆಂಗಳೂರಿನ ಯಾವುದಾದರೂ ಕೆರೆಯಲ್ಲಿ ಮೀನು ಸತ್ತು ತೇಲಿದ ಸುದ್ದಿ ಬಂದಾಗಲೆಲ್ಲ ಓದುಗರು ಕೇಳುವುದು ಒಂದೇ ಪ್ರಶ್ನೆ: ‘ನೀರಿನಲ್ಲಿ ವಿಷ ಇದೆಯೋ ಇಲ್ಲವೋ ನಾವೇ ನೋಡಬಹುದಾ?’ ನೋಡಬಹುದು. ಲ್ಯಾಬಿನ ವರದಿಯಲ್ಲಿ ಬಿಒಡಿ, ಸಿಒಡಿ (ನೀರಿನ ಕೊಳೆ ಒಡೆದುಹೋಗಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಗಳು), ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ), ಅಮೋನಿಯಾ ಎಂದು ಅಂಕಿಗಳು ಸಾಲಾಗಿ ಬರುತ್ತವೆ. ಅಷ್ಟೂ ಸೇರಿದಾಗ ಒಂದು ಜೀವಕ್ಕೆ ಏನಾಗುತ್ತದೆ ಎಂಬುದು ಮಾತ್ರ ಅಲ್ಲಿ ಇರುವುದಿಲ್ಲ. ಅದನ್ನು ತಿಳಿಯಲು ನೀರಿನಲ್ಲಿ ಜೀವವನ್ನೇ ಬಿಟ್ಟು ನೋಡಬೇಕು.

ಆ ಜೀವಿ ನೀರುಚಿಗಟ. ಹೆಸರಿನಲ್ಲಿ ಚಿಗಟ ಇದ್ದರೂ ಇದು ಕೀಟವಲ್ಲ, ಸೀಗಡಿ ಮತ್ತು ಏಡಿಯ ಬಳಗಕ್ಕೆ ಸೇರಿದ ಕಠಿಣಚರ್ಮಿ. ಇದರ ಹಲವು ಜಾತಿಗಳು ಸಾಸಿವೆ ಕಾಳಿಗಿಂತ ಚಿಕ್ಕವು. ಹಗಲೂ ರಾತ್ರಿ ನೀರನ್ನು ಸೋಸಿ ಪಾಚಿ ತಿನ್ನುವುದರಿಂದ ನೀರಿನಲ್ಲಿರುವುದೆಲ್ಲ ಅದರ ಮೈಯನ್ನು ಹಾದುಹೋಗುತ್ತದೆ. ಪರಿಸ್ಥಿತಿ ಚೆನ್ನಾಗಿರುವಾಗ ಹೆಣ್ಣು ಗಂಡಿನ ನೆರವಿಲ್ಲದೆ ತನ್ನದೇ ಪಡಿಯಚ್ಚಿನಂಥ ಹೆಣ್ಣು ಮರಿಗಳನ್ನು ಹೆರುತ್ತದೆ. ಒಂದೇ ತಾಯಿಯ ವಂಶವಾದ್ದರಿಂದ ಎಲ್ಲ ಮರಿಗಳೂ ವಿಷಕ್ಕೆ ಹೆಚ್ಚುಕಡಿಮೆ ಒಂದೇ ರೀತಿ ಸ್ಪಂದಿಸುತ್ತವೆ. ಲೋಹಗಳು, ಕೀಟನಾಶಕಗಳು, ಕ್ಲೋರಿನ್ ಮತ್ತು ಅಮೋನಿಯಾ ಇದನ್ನು ಬೇಗ ತಟ್ಟುತ್ತವೆ. ಕಳೆನಾಶಕಗಳ ಮಟ್ಟಿಗೆ ಇದು ಅಷ್ಟು ಸೂಕ್ಷ್ಮವಲ್ಲ. ಅವುಗಳಿಗೆ ಪಾಚಿಯ ಮೇಲೆ ಮಾಡುವ ಪರೀಕ್ಷೆ ಬೇರೆಯೇ ಇದೆ.

ಇಲ್ಲಿ ವಿವರಿಸುವ ಕ್ರಮದ ಬುನಾದಿ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿಯ ಅಂತರರಾಷ್ಟ್ರೀಯ ಸಂಸ್ಥೆ) ಪ್ರಕಟಿಸಿದ 202ನೇ ಮಾರ್ಗಸೂಚಿ. ಹುಟ್ಟಿ 24 ಗಂಟೆ ಮೀರದ ಮರಿಗಳನ್ನು ನೀರಿನಲ್ಲಿ ಬಿಟ್ಟು, 48 ಗಂಟೆಯಲ್ಲಿ ಎಷ್ಟು ಮರಿಗಳ ಈಜು ನಿಂತಿತು ಎಂದು ಎಣಿಸುವುದು ಅದರ ತಿರುಳು.

ಆರಂಭಿಸುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಇದು ಕುಡಿಯುವ ನೀರಿನ ಪರೀಕ್ಷೆಯಲ್ಲ. ರೋಗಾಣು, ನೈಟ್ರೇಟ್, ಫ್ಲೋರೈಡ್ ಇದ್ದ ನೀರಿನಲ್ಲೂ ನೀರುಚಿಗಟ ಎರಡು ದಿನ ಹಾಯಾಗಿ ಈಜಬಹುದು. ಮರಿಗಳು ಬದುಕಿದವೆಂದು ಬೋರ್‌ವೆಲ್ ನೀರನ್ನು ಮಕ್ಕಳಿಗೆ ಕುಡಿಸಬೇಡಿ.

ಬೇಕಾಗುವ ಸಾಮಾನು

50 ಮಿ.ಲೀ. ಗಾಜಿನ ಬೀಕರ್ 24 (ಉಪ್ಪಿನ ಪರೀಕ್ಷೆಗೂ ಇವೇ ಸಾಕು), ಒಂದೆರಡು ಲೀಟರಿನ ಅಗಲ ಬಾಯಿಯ ಗಾಜಿನ ಜಾಡಿ ನಾಲ್ಕೈದು, ಅಳತೆ ಸಿಲಿಂಡರ್, 0.01 ಗ್ರಾಂವರೆಗೆ ತೂಗುವ ತಕ್ಕಡಿ, ಥರ್ಮಾಮೀಟರ್, ಪಿಎಚ್ ಮೀಟರ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಮೀಟರ್, ಕ್ಲೋರಿನ್ ಮತ್ತು ಅಮೋನಿಯಾ ನೋಡುವ ಕಿಟ್, ಕರಗಿದ ಆಮ್ಲಜನಕ ಅಳೆಯುವ ಕಿಟ್ ಅಥವಾ ಮೀಟರ್, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಕಪ್ಪು ಬಟ್ಟೆ, ಒಂದು ಟಾರ್ಚ್ ಮತ್ತು ಕೆಲವು ಪ್ಲಾಸ್ಟಿಕ್ ಡ್ರಾಪರ್. ಡ್ರಾಪರಿನ ತುದಿಯನ್ನು ಕತ್ತರಿಸಿ ರಂಧ್ರ ಸುಮಾರು 5 ಮಿ.ಮೀ. ಆಗುವಂತೆ ಅಗಲ ಮಾಡಿಕೊಳ್ಳಿ. ಕಿರಿದಾದ ತುದಿಯಲ್ಲಿ ಎಳೆದರೆ ಮರಿಯ ಮೈ ಜಜ್ಜುತ್ತದೆ; ಆಮೇಲೆ ಅದು ವಿಷದಿಂದ ಸತ್ತಿತೋ ನಿಮ್ಮ ಕೈಯಿಂದಲೋ ತಿಳಿಯುವುದಿಲ್ಲ.

ಪೇಪರ್ ಕಪ್ ಬೇಡ, ಒಳಗಿನ ಲೇಪನ ಬಿಡುತ್ತದೆ. ತಾಮ್ರ, ಹಿತ್ತಾಳೆಯ ಪಾತ್ರೆ ಹತ್ತಿರಕ್ಕೂ ಬೇಡ. ನಮಗೆ ಒಳ್ಳೆಯದೆನಿಸುವ ತಾಮ್ರದ ಚೊಂಬಿನ ನೀರು ನೀರುಚಿಗಟಕ್ಕೆ ವಿಷ. ಹಿತ್ತಾಳೆ ನಲ್ಲಿಯಿಂದ ಬೆಳಿಗ್ಗೆ ಮೊದಲು ಬರುವ ನೀರನ್ನೂ ಬಿಟ್ಟುಬಿಡಿ. ಪಾತ್ರೆಗಳನ್ನು ಸೋಪು ಹಾಕಿ ತೊಳೆದಿದ್ದರೆ ಕನಿಷ್ಠ ಐದಾರು ಸಲ ಬರೀ ನೀರಿನಲ್ಲಿ, ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ.

1. ಜೀವಿಯನ್ನು ತಂದು ಗುರುತಿಸುವುದು

ಅಕ್ವೇರಿಯಂ ಅಂಗಡಿಗಳಲ್ಲೂ ಅಲಂಕಾರಿಕ ಮೀನು ಸಾಕುವವರಲ್ಲೂ ಮೀನುಮರಿಯ ಜೀವಂತ ಆಹಾರವಾಗಿ ಇವು ಸಿಗುತ್ತವೆ. ‘ಡಾಫ್ನಿಯಾ’ ಎಂದು ಕೊಟ್ಟದ್ದು ಬಹಳಷ್ಟು ಸಲ ಮೊಯಿನಾ ಆಗಿರುತ್ತದೆ (ಎರಡೂ ನೀರುಚಿಗಟಗಳೇ). ಭೂತಗನ್ನಡಿಯಲ್ಲಿ ನೋಡಿ: ಡಾಫ್ನಿಯಾಕ್ಕೆ ಮುಂದೆ ಕೊಕ್ಕಿನಂಥ ಚೂಪು, ಹಿಂದೆ ಬಾಲದಂಥ ಮುಳ್ಳು ಇರುತ್ತದೆ. ಮೊಯಿನಾಗೆ ಬಾಲದ ಮುಳ್ಳಿಲ್ಲ, ಮೈ ಗುಂಡಗೆ, ಬೆಳೆದದ್ದು ಒಂದು ಮಿ.ಮೀ. ಆಸುಪಾಸು.

ವಿದೇಶದ ಲ್ಯಾಬುಗಳು ಬಳಸುವುದು ಡಾಫ್ನಿಯಾ ಮ್ಯಾಗ್ನಾ ಎಂಬ ದೊಡ್ಡ ಜಾತಿ. ಅದಕ್ಕೆ 20 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಬೆಂಗಳೂರಿನ ಮನೆಯಲ್ಲಿ ಡಿಸೆಂಬರ್ ಬಿಟ್ಟರೆ ಯಂತ್ರವಿಲ್ಲದೆ ಆ ತಂಪು ಕಾಯುವುದು ಕಷ್ಟ. ಮೊಯಿನಾ 25 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ, ಹುಟ್ಟಿದ ನಾಲ್ಕೈದು ದಿನಕ್ಕೆ ತಾಯಾಗುತ್ತದೆ. ಮನೆ, ಶಾಲೆ, ಕಾಲೇಜಿನ ಮಟ್ಟಕ್ಕೆ ಮೊಯಿನಾವೇ ಸರಿ ಎಂಬುದು ನಮ್ಮ ಖಚಿತ ಸಲಹೆ. ಒಂದೇ ಷರತ್ತು: ಎಲ್ಲಿ ಬರೆದರೂ ಜಾತಿ ಮತ್ತು ಉಷ್ಣತೆಯನ್ನು ಹೇಳಬೇಕು. ಮೊಯಿನಾದ ಫಲಿತಾಂಶವನ್ನು ಮ್ಯಾಗ್ನಾದ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ.

ತಂದ ಗುಂಪಿನಿಂದ ಮರಿಚೀಲ ತುಂಬಿದ ಒಂದೇ ಹೆಣ್ಣನ್ನು ಆರಿಸಿ ಬೇರೆ ಜಾಡಿಗೆ ಬಿಡಿ. ಅದರ ಮಕ್ಕಳು ಮೊಮ್ಮಕ್ಕಳೇ ನಿಮ್ಮ ತಳಿ. ಕನಿಷ್ಠ ಮೂರು ಪೀಳಿಗೆ ನಿಮ್ಮ ನೀರಿನಲ್ಲಿ ಬೆಳೆದ ಮೇಲೆಯೇ ಪರೀಕ್ಷೆಗೆ ಇಳಿಯಿರಿ.

2. ಸಾಕುವುದು

ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಈ ಹಂತದಲ್ಲಿ.

ಮೊದಲ ಶತ್ರು ಕ್ಲೋರಿನ್. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅಗಲ ಪಾತ್ರೆಯಲ್ಲಿ ಎರಡು ದಿನ ತೆರೆದಿಟ್ಟು, ಅಕ್ವೇರಿಯಂ ಪಂಪಿನಿಂದ ಗಾಳಿ ಆಡಿಸಿ, ಕಿಟ್‌ನಲ್ಲಿ ಸೊನ್ನೆ ಬಂದ ಮೇಲೆ ಬಳಸಿ. ನಿಮ್ಮ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಬೆರೆಯುತ್ತಿದ್ದರೆ ಆ ನೀರನ್ನು ನೆಚ್ಚಬೇಡಿ. ಅದರ ಗುಣ ವಾರದಿಂದ ವಾರಕ್ಕೆ ಬದಲಾಗುತ್ತದೆ, ತಳಿಯೂ ಅದರೊಂದಿಗೆ ಏಳುಬೀಳು ಕಾಣುತ್ತದೆ. ಆರ್‌ಒ ನೀರನ್ನು ಹಾಗೆಯೇ ಬಳಸುವುದು ಇನ್ನೊಂದು ಸಾಮಾನ್ಯ ತಪ್ಪು. ಅದರಲ್ಲಿ ಖನಿಜಾಂಶ ತೀರಾ ಕಡಿಮೆ, ಚಿಪ್ಪು ಕಟ್ಟಿಕೊಳ್ಳಲು ಬೇಕಾದ ಕ್ಯಾಲ್ಸಿಯಂ ಇರುವುದಿಲ್ಲ. ಅಲ್ಲಿ ಸತ್ತ ಮರಿ ವಿಷದಿಂದ ಸತ್ತದ್ದಲ್ಲ.

ಎರಡನೆಯ ಶತ್ರು ಮನೆಯ ಗಾಳಿ. ಸೊಳ್ಳೆಗೆ ಹಚ್ಚುವ ಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ಲಿಕ್ವಿಡ್, ಜಿರಳೆ ಸ್ಪ್ರೇ, ಇವೆಲ್ಲದರಲ್ಲೂ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಎಂಬ ಕೀಟನಾಶಕ. ನೀರುಚಿಗಟವನ್ನು ಕೊಲ್ಲಲು ಅದು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಇದ್ದರೂ ಸಾಕು. ತಳಿ ಇಟ್ಟ ಕೋಣೆಯಲ್ಲಿ ಇವು ಯಾವುದೂ ಬೇಡ. ಬೀದಿಯಲ್ಲಿ ಸೊಳ್ಳೆಗೆ ಫಾಗಿಂಗ್ ಮಾಡುವ ದಿನ ಕಿಟಕಿ ಮುಚ್ಚಿ, ಜಾಡಿಗಳ ಮೇಲೆ ಮುಚ್ಚಳ ಹಾಕಿ. ಒಂದೇ ರಾತ್ರಿಯಲ್ಲಿ ಜಾಡಿಗಳೆಲ್ಲ ಖಾಲಿಯಾದರೆ ನೀರಿಗಿಂತ ಮೊದಲು ಈ ಗಾಳಿಯನ್ನು ಅನುಮಾನಿಸಿ.

ಆಹಾರಕ್ಕೆ ಕ್ಲೋರೆಲ್ಲಾದಂಥ ಹಸಿರು ಪಾಚಿ ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ ಸ್ಪಿರುಲಿನಾ ಪುಡಿ ಅಥವಾ ಬೇಕರಿ ಈಸ್ಟ್ ಅನ್ನು ನೀರಿನಲ್ಲಿ ಕದಡಿ ಹನಿಹನಿಯಾಗಿ ಹಾಕಿ. ಅಳತೆ ಹೀಗೆ: ಜಾಡಿಯ ಹಿಂದೆ ದಿನಪತ್ರಿಕೆ ಹಿಡಿದರೆ ಸಣ್ಣ ಅಕ್ಷರ ಮಸುಕಾಗಿಯಾದರೂ ಓದಲು ಬರಬೇಕು, ಮಾರನೆಯ ದಿನ ಅದೇ ಹೊತ್ತಿಗೆ ನೀರು ತಿಳಿಯಾಗಿರಬೇಕು. ತಿಳಿಯಾಗದಿದ್ದರೆ ಆ ದಿನ ಆಹಾರ ಬೇಡ. ಈಸ್ಟ್ ಹೆಚ್ಚಾದರೆ ಅದು ಕೊಳೆತು ಆಮ್ಲಜನಕವನ್ನೆಲ್ಲ ಹೀರುತ್ತದೆ, ಬೆಳಗಾಗುವಷ್ಟರಲ್ಲಿ ಜಾಡಿಯ ತಳದಲ್ಲಿ ಬಿಳಿ ರಾಶಿ ಬಿದ್ದಿರುತ್ತದೆ.

ವಾರಕ್ಕೆರಡು ಸಲ ಅರ್ಧ ನೀರು ಬದಲಿಸಿ. ಇಡೀ ತಳಿಯನ್ನು ಎಂದೂ ಒಂದೇ ಜಾಡಿಯಲ್ಲಿ ಇಡಬೇಡಿ. ಬೆನ್ನಿನ ಮೇಲೆ ಕುದುರೆ ಜೀನಿನ ಆಕಾರದ ಗಾಢ ಬಣ್ಣದ ಚೀಲ ಹೊತ್ತ ಹೆಣ್ಣುಗಳು ಕಂಡರೆ ಅವು ಬರಗಾಲಕ್ಕೆ ತಯಾರಾಗುತ್ತಿವೆ ಎಂದರ್ಥ. ಆ ಚೀಲದಲ್ಲಿ ಇರುವುದು ಒಣಗಿದರೂ ಸಾಯದ ಮೊಟ್ಟೆಗಳು. ಕಿಕ್ಕಿರಿದ ಜಾಡಿ, ಹಸಿವು, ಉಷ್ಣತೆಯ ಏರುಪೇರು ಇದಕ್ಕೆ ಕಾರಣ. ಅಂಥ ಜಾಡಿಯ ಮರಿಗಳನ್ನು ಪರೀಕ್ಷೆಗೆ ಬಳಸಬಾರದು.

3. ಅಳತೆಯ ನೀರು ತಯಾರಿಸುವುದು

ಮಾದರಿಯನ್ನು ತೆಳುಗೊಳಿಸಲೂ ಹೋಲಿಕೆಯ (ಮಾದರಿ ಬೆರೆಸದ) ಬೀಕರಿಗೂ ಬೇಕಾದ ನೀರನ್ನು ನೀವೇ ಕಲಸಿಕೊಳ್ಳಬೇಕು. ಪ್ರತಿ ಸಲ ಒಂದೇ ಗುಣದ ನೀರು ಸಿಗುವ ದಾರಿ ಇದೊಂದೇ. ಡಿಸ್ಟಿಲ್ಡ್ ನೀರಿನಲ್ಲಿ ನಾಲ್ಕು ದ್ರಾವಣಗಳನ್ನು ನಾಲ್ಕು ಬೇರೆ ಬಾಟಲಿಗಳಲ್ಲಿ, ತಲಾ ಒಂದು ಲೀಟರ್ ಮಾಡಿಡಿ:

ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್: 11.76 ಗ್ರಾಂ
ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ (ಎಪ್ಸಮ್ ಉಪ್ಪು): 4.93 ಗ್ರಾಂ
ಸೋಡಿಯಂ ಬೈಕಾರ್ಬೊನೇಟ್ (ಅಡುಗೆ ಸೋಡಾ ಇದೇ, ಆದರೆ ಲ್ಯಾಬ್ ದರ್ಜೆಯದನ್ನು ತನ್ನಿ): 2.59 ಗ್ರಾಂ
ಪೊಟ್ಯಾಸಿಯಂ ಕ್ಲೋರೈಡ್: 0.23 ಗ್ರಾಂ

ನಾಲ್ಕರಿಂದಲೂ 25 ಮಿ.ಲೀ. ತೆಗೆದು, ಡಿಸ್ಟಿಲ್ಡ್ ನೀರು ಸೇರಿಸಿ ಒಟ್ಟು ಒಂದು ಲೀಟರ್ ಮಾಡಿ. ಗಡಸುತನ ಲೀಟರಿಗೆ 250 ಮಿ.ಗ್ರಾಂ ಬರುತ್ತದೆ. ನಾಲ್ಕನ್ನೂ ಒಂದೇ ಬಾಟಲಿಯಲ್ಲಿ ಗಟ್ಟಿಯಾಗಿ ಕಲಸಿಡಬಾರದು, ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಸೇರಿ ಸುಣ್ಣವಾಗಿ ತಳಕ್ಕಿಳಿಯುತ್ತವೆ. ಅಂಗಡಿಯವರು ಡೈಹೈಡ್ರೇಟ್ ಬದಲು ನೀರಿಲ್ಲದ (ಅನ್‌ಹೈಡ್ರಸ್) ಕ್ಯಾಲ್ಸಿಯಂ ಕ್ಲೋರೈಡ್ ಕೊಟ್ಟರೆ 8.88 ಗ್ರಾಂ ಸಾಕು. ಬಾಟಲಿಯ ಚೀಟಿ ಓದದೆ ತೂಗಬೇಡಿ. ಬ್ಯಾಟರಿಗೆ ಹಾಕುವ ನೀರನ್ನು ಡಿಸ್ಟಿಲ್ಡ್ ಎಂದು ಮಾರುತ್ತಾರೆ. ಟಿಡಿಎಸ್ ಮೀಟರಿನಲ್ಲಿ ಸೊನ್ನೆಯ ಹತ್ತಿರ ಬರದಿದ್ದರೆ ತೆಗೆದುಕೊಳ್ಳಬೇಡಿ.

ಕಲಸಿದ ನೀರಿಗೆ ಒಂದು ದಿನ ಗಾಳಿ ಆಡಿಸಿ. ಪಿಎಚ್ 7.8ರ ಆಸುಪಾಸಿಗೆ ಬಂದು ನಿಲ್ಲಬೇಕು. ಇದು ಪರೀಕ್ಷೆಯ ಎರಡು ದಿನಕ್ಕೆ ಸಾಕಾಗುವ ನೀರು. ಸೆಲೆನಿಯಂ, ವಿಟಮಿನ್ ಬಿ12ನಂಥ ಅಲ್ಪಾಂಶಗಳು ಇದರಲ್ಲಿ ಇಲ್ಲದ್ದರಿಂದ ಬರೀ ಇದರಲ್ಲೇ ತಿಂಗಳುಗಟ್ಟಲೆ ಸಾಕಿದರೆ ತಳಿ ಬಡವಾಗುತ್ತದೆ. ಪರೀಕ್ಷೆಗೆ ಎರಡು ದಿನ ಮೊದಲು ತಾಯಿಗಳನ್ನು ಈ ನೀರಿಗೆ ಹಂತಹಂತವಾಗಿ ಒಗ್ಗಿಸಿ.

4. ಉಪ್ಪಿನಿಂದ ತಳಿಯ ಪರೀಕ್ಷೆ

ಕೆರೆ ನೀರಿಗೆ ಮುಂಚೆ ನಿಮ್ಮ ತಳಿ ನಂಬಲರ್ಹವೇ ಎಂದು ನೋಡಬೇಕು. ಲ್ಯಾಬುಗಳು ಇದಕ್ಕೆ ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸುತ್ತವೆ. ಡಾಫ್ನಿಯಾ ಮ್ಯಾಗ್ನಾಗೆ ಅದರ 24 ಗಂಟೆಯ ಇಸಿ-50 ಲೀಟರಿಗೆ 0.6ರಿಂದ 2.1 ಮಿ.ಗ್ರಾಂ ಒಳಗೆ ಬರಬೇಕೆಂಬ ನಿಯಮವಿದೆ. (ಇಸಿ-50 ಎಂದರೆ ನೂರರಲ್ಲಿ ಐವತ್ತು ಮರಿಗಳ ಈಜು ನಿಲ್ಲಿಸುವ ಪ್ರಮಾಣ.) ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ. ಮನೆಯಲ್ಲಿ, ಶಾಲೆಯಲ್ಲಿ ಅದನ್ನು ಮುಟ್ಟಲೇಬೇಡಿ. ಬದಲಿಗೆ ಲ್ಯಾಬ್ ದರ್ಜೆಯ ಸೋಡಿಯಂ ಕ್ಲೋರೈಡ್ ತನ್ನಿ. ಅಡುಗೆ ಉಪ್ಪಿನಲ್ಲಿ ಅಯೋಡಿನ್ ಮತ್ತು ಗಂಟು ಕಟ್ಟದಂತೆ ಹಾಕುವ ಪದಾರ್ಥ ಇರುವುದರಿಂದ ಅದು ಆಗದು.

ಅಳತೆಯ ನೀರಿನಲ್ಲಿ ಲೀಟರಿಗೆ 0.5, 1, 2, 4, 8 ಗ್ರಾಂ ಉಪ್ಪಿನ ಐದು ದ್ರಾವಣ ಮಾಡಿ, ಮುಂದಿನ ಹಂತಗಳಂತೆಯೇ ಪರೀಕ್ಷಿಸಿ ಇಸಿ-50 ತೆಗೆಯಿರಿ. ತಿಂಗಳಿಗೊಮ್ಮೆ ಇದನ್ನು ಮಾಡಿ ದಾಖಲೆ ಇಡಿ. ಐದಾರು ಸಲ ಆದಮೇಲೆ ನಿಮ್ಮ ತಳಿಯ ಸಹಜ ಮಟ್ಟ ತಿಳಿಯುತ್ತದೆ. ಯಾವುದಾದರೂ ತಿಂಗಳು ಅದು ಆ ಮಟ್ಟದಿಂದ ದೂರ ಹೋದರೆ, ಆ ತಿಂಗಳು ಆ ತಳಿಯಿಂದ ಕೆರೆಯ ಬಗ್ಗೆ ಏನನ್ನೂ ಹೇಳಬೇಡಿ.

5. ಮಾದರಿ ನೀರು ತರುವುದು

ರಾಜಕಾಲುವೆಗೆ ಇಳಿಯಬೇಡಿ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಆಳ ಹೆಚ್ಚಿದಷ್ಟೂ ಅಪಾಯ. ಉದ್ದ ಕೋಲಿಗೆ ಬಾಟಲಿ ಕಟ್ಟಿ, ಕೈಗವಸು ಹಾಕಿಕೊಂಡು, ಜೊತೆಗೊಬ್ಬರನ್ನು ಕರೆದುಕೊಂಡು ದಡದಿಂದಲೇ ತೆಗೆಯಿರಿ. ಕೆರೆಯಾದರೆ ಕಾಲುವೆ ಸೇರುವ ಬಾಯಿ, ನಡುಭಾಗಕ್ಕೆ ಹತ್ತಿರದ ಒಂದು ಜಾಗ, ಕೋಡಿ, ಈ ಮೂರು ಕಡೆಯಿಂದ ಬೇರೆಬೇರೆ ಮಾದರಿ ಬೇಕು. ಬೆಳ್ಳಂದೂರು, ವರ್ತೂರು ಕಡೆ ನೊರೆ ಎದ್ದಿದ್ದಾಗ ನೊರೆಯನ್ನು ತುಂಬಬೇಡಿ. ಬಾಟಲಿಯ ಬಾಯಿಯನ್ನು ನೊರೆಯ ಕೆಳಗೆ, ಒಂದು ಗೇಣು ಆಳದಲ್ಲಿ ತೆರೆಯಿರಿ.

ಒಂದು ಲೀಟರಿನ ಗಾಜು ಅಥವಾ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಿಸಿ, ಗಾಳಿ ಉಳಿಯದಂತೆ ಕಂಠದವರೆಗೆ ತುಂಬಿ. ಗಾಳಿ ಉಳಿದರೆ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಬಂದು ಪಿಎಚ್ ಏರುತ್ತದೆ, ಪಿಎಚ್ ಏರಿದರೆ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಕೆರೆಯಲ್ಲಿ ಇಲ್ಲದ ವಿಷ ಬಾಟಲಿಯಲ್ಲಿ ಹುಟ್ಟಿಕೊಳ್ಳುತ್ತದೆ. ದಡದಲ್ಲೇ ಉಷ್ಣತೆ, ಪಿಎಚ್, ಕರಗಿದ ಆಮ್ಲಜನಕ, ಕ್ಲೋರಿನ್, ಸಮಯ ಬರೆದುಕೊಳ್ಳಿ. ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತಂದು 4 ಡಿಗ್ರಿಯಲ್ಲಿಟ್ಟು, 36 ಗಂಟೆಯೊಳಗೆ ಪರೀಕ್ಷೆ ಆರಂಭಿಸಿ. ಟ್ರಾಫಿಕ್ಕಿನಲ್ಲಿ ಎರಡು ತಾಸು ಬಿಸಿ ಕಾರಿನೊಳಗೆ ಕುಳಿತ ಬಾಟಲಿ ಬೇರೆಯೇ ನೀರಾಗಿರುತ್ತದೆ.

ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರನ್ನು ನೋಡುವವರು ಗಮನಿಸಿ: ಕೊನೆಯ ಹಂತದಲ್ಲಿ ಅದಕ್ಕೆ ಹೈಪೋಕ್ಲೋರೈಟ್ ಹಾಕಿರುತ್ತಾರೆ. ನೀರಿನಲ್ಲಿ ಅಮೋನಿಯಾ ಉಳಿದಿದ್ದರೆ ಎರಡೂ ಸೇರಿ ಕ್ಲೋರಮಿನ್ ಆಗುತ್ತದೆ. ಕ್ಲೋರಿನ್ನಿನಂತೆ ಅದು ತೆರೆದಿಟ್ಟರೆ ಬೇಗ ಹೋಗುವುದಿಲ್ಲ. ಆದ್ದರಿಂದ ಕಿಟ್‌ನಲ್ಲಿ ‘ಒಟ್ಟು ಕ್ಲೋರಿನ್’ ನೋಡಿ, ‘ಮುಕ್ತ ಕ್ಲೋರಿನ್’ ಮಾತ್ರ ನೋಡಿ ಸಮಾಧಾನಪಡಬೇಡಿ.

6. ಮರಿಗಳನ್ನು ಸಿದ್ಧಪಡಿಸುವುದು

ಒಂದು ಮಾದರಿಗೆ 120 ಮರಿ ಬೇಕು. ಹಿಂದಿನ ದಿನ ಮರಿಚೀಲ ತುಂಬಿದ ಸುಮಾರು 60 ಹೆಣ್ಣುಗಳನ್ನು ಹೊಸ ಜಾಡಿಗೆ ಬಿಟ್ಟು ಹೊತ್ತು ಬರೆದಿಡಿ. ಮಾರನೆಯ ದಿನ ಅದೇ ಹೊತ್ತಿನೊಳಗೆ ತಾಯಿಗಳನ್ನು ಡ್ರಾಪರಿನಿಂದ ಹಿಡಿದು ಹಿಂದಕ್ಕೆ ಬಿಡಿ. ಉಳಿದ ಮರಿಗಳೆಲ್ಲ 24 ಗಂಟೆಗಿಂತ ಚಿಕ್ಕವು. ಕಪ್ಪು ಬಟ್ಟೆಯ ಮೇಲೆ ಜಾಡಿ ಇಟ್ಟು ಪಕ್ಕದಿಂದ ಟಾರ್ಚ್ ಹಿಡಿದರೆ ಬಿಳಿ ಚುಕ್ಕೆಗಳಂತೆ ಕಾಣುತ್ತವೆ. ಪರೀಕ್ಷೆಗೆ ಎರಡು ಗಂಟೆ ಮುಂಚೆ ಸ್ವಲ್ಪ ಪಾಚಿ ಕೊಡಿ, ಆಮೇಲೆ 48 ಗಂಟೆ ಅವಕ್ಕೆ ಆಹಾರವಿಲ್ಲ.

7. ಪರೀಕ್ಷೆ ಹೂಡುವುದು

ಮಾದರಿ ನೀರು 25 ಡಿಗ್ರಿಗೆ ಬರಲಿ. ಅದರ ಆಮ್ಲಜನಕ ಲೀಟರಿಗೆ 4 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಕೆಲವು ನಿಮಿಷ ಮೆಲ್ಲಗೆ ಗಾಳಿ ಆಡಿಸಿ ಮತ್ತೆ ಅಳೆಯಿರಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತಾಗ ಎಲ್ಲರ ಬಾಯಲ್ಲೂ ವಿಷದ ಮಾತಿತ್ತು. ಮೀನಿನ ಸಾವಿಗೆ ಎಷ್ಟೋ ಸಲ ಉಸಿರುಗಟ್ಟುವುದೇ ಕಾರಣವಾಗಿರುತ್ತದೆ. ಗಾಳಿ ಆಡಿಸಿದ ಅದೇ ನೀರಿನಲ್ಲಿ ಮರಿಗಳು ಚೆನ್ನಾಗಿದ್ದರೆ ಮೊದಲು ಹುಡುಕಬೇಕಾದದ್ದು ಕೊಳಚೆಯನ್ನು, ಕಾರ್ಖಾನೆಯ ರಾಸಾಯನಿಕವನ್ನಲ್ಲ. ಈ ಎರಡನ್ನು ಬೇರ್ಪಡಿಸಲೆಂದೇ ದಡದಲ್ಲಿ ಅಳೆದ ಆಮ್ಲಜನಕದ ಅಂಕಿ ಬೇಕು.

ಮಾದರಿಯಲ್ಲಿ ಕೆರೆಯದೇ ಹುಳುಗಳಿದ್ದರೆ ಸುಮಾರು 60 ಮೈಕ್ರಾನ್ ಜಾಲರಿಯಲ್ಲಿ ಸೋಸಿ. ಅದಕ್ಕಿಂತ ನುಣ್ಣಗೆ ಸೋಸಬೇಡಿ, ಕಣಗಳಿಗೆ ಅಂಟಿದ ವಿಷವೂ ಹೊರಟುಹೋಗುತ್ತದೆ.

ಈಗ ಶೇ. 100, 50, 25, 12.5, 6.25ರ ಐದು ಮಟ್ಟಗಳನ್ನು ಮಾಡಿ. 200 ಮಿ.ಲೀ. ಮಾದರಿಯಲ್ಲಿ 100 ತೆಗೆದಿಟ್ಟು, ಉಳಿದ 100ಕ್ಕೆ 100 ಮಿ.ಲೀ. ಅಳತೆಯ ನೀರು ಸೇರಿಸಿ. ಅದರಿಂದ ಮತ್ತೆ 100 ತೆಗೆದಿಟ್ಟು, ಉಳಿದದ್ದಕ್ಕೆ ಮತ್ತೆ 100 ಸೇರಿಸಿ. ಹೀಗೆ ಇಳಿಯುತ್ತಾ ಹೋಗಿ. ಪ್ರತಿ ಮಟ್ಟಕ್ಕೆ ನಾಲ್ಕು ಬೀಕರ್, ಒಂದೊಂದರಲ್ಲಿ 25 ಮಿ.ಲೀ. ಬರೀ ಅಳತೆಯ ನೀರಿನ ನಾಲ್ಕು ಬೀಕರ್ ಹೋಲಿಕೆಗೆ. ಒಟ್ಟು 24. ಬೀಕರ್‌ಗಳ ಮೇಲೆ ಶೇಕಡಾ ಬರೆಯದೆ ಗುಪ್ತ ಸಂಖ್ಯೆ ಬರೆದು, ಸಾಲು ಕಲಸಿ ಇಡಿ. ಎಣಿಸುವವರಿಗೆ ಯಾವುದು ಯಾವುದೆಂದು ಗೊತ್ತಿರಬಾರದು. ಗೊತ್ತಿದ್ದರೆ ‘ಕೆಟ್ಟ’ ಬೀಕರಿನ ಅರೆಜೀವದ ಮರಿ ಸತ್ತಂತೆಯೇ ಕಾಣುತ್ತದೆ.

ಪ್ರತಿ ಬೀಕರಿಗೆ ಐದು ಮರಿ. ಡ್ರಾಪರಿನ ತುದಿಯನ್ನು ನೀರಿನೊಳಗೆ ಅದ್ದಿ ಮರಿಯನ್ನು ಬಿಡಿ, ಮೇಲಿಂದ ಹನಿಸಬೇಡಿ. ಇವುಗಳ ಚಿಪ್ಪಿಗೆ ನೀರು ಅಂಟದು. ಗಾಳಿ ತಗುಲಿದರೆ ಚಿಪ್ಪಿನೊಳಗೆ ಗುಳ್ಳೆ ಸಿಕ್ಕಿಕೊಂಡು ಮರಿ ಮೇಲೇ ತೇಲುತ್ತದೆ, ಮತ್ತೆ ಕೆಳಗಿಳಿಯಲಾರದು. ಹಾಗೆ ತೇಲಿದ್ದನ್ನು ಕೂಡಲೇ ತೆಗೆದು ಬೇರೆಯದನ್ನು ಹಾಕಿ. ಮರಿಯ ಜೊತೆ ಹೋಗುವ ನೀರು ಕೆಲವೇ ಹನಿ ಇರಲಿ, ಇಲ್ಲದಿದ್ದರೆ ನಿಮ್ಮ ಶೇ. 100 ಅಲ್ಲೇ ಶೇ. 95 ಆಗುತ್ತದೆ. ಹೋಲಿಕೆಯ ಬೀಕರಿನಿಂದ ಆರಂಭಿಸಿ ತೆಳುವಿನಿಂದ ದಟ್ಟದ ಕಡೆಗೆ ಹೋಗಿ.

ಧೂಳು ಬೀಳದಂತೆ ಸಡಿಲವಾಗಿ ಮುಚ್ಚಿ. ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಕತ್ತಲೆ. ಉಷ್ಣತೆ ಒಂದು ಡಿಗ್ರಿಗಿಂತ ಆಚೀಚೆ ಆಗದಿರಲು ಬೀಕರ್‌ಗಳನ್ನು ನೀರು ತುಂಬಿದ ಅಗಲ ಟಬ್ಬಿನಲ್ಲಿ ನಿಲ್ಲಿಸಿ. ಪರೀಕ್ಷೆ ನಡೆಯುವಾಗ ಗಾಳಿ ಆಡಿಸಬಾರದು.

8. ಎಣಿಕೆ

24 ಗಂಟೆಯಾದಾಗ ಒಮ್ಮೆ, 48 ಗಂಟೆಯಾದಾಗ ಒಮ್ಮೆ ನೋಡಿ. ಬೀಕರನ್ನು ಮೆಲ್ಲಗೆ ಸುತ್ತಿಸಿ ಬಿಟ್ಟು 15 ಸೆಕೆಂಡು ಕಾಯಿರಿ. ಅಷ್ಟರಲ್ಲಿ ಈಜದ ಮರಿಯನ್ನು ‘ನಿಶ್ಚಲ’ ಎಂದು ಬರೆಯಿರಿ. ಮೀಸೆಯಂಥ ಅಂಗ ಅಲ್ಲಾಡುತ್ತಿದ್ದರೂ ಈಜದಿದ್ದರೆ ಅದು ನಿಶ್ಚಲವೇ. ಇಷ್ಟು ಚಿಕ್ಕ ಜೀವಿಯಲ್ಲಿ ಸಾವನ್ನು ಖಚಿತವಾಗಿ ಹೇಳುವುದು ಕಷ್ಟವಾದ್ದರಿಂದ ಈ ನಿಯಮ. ಕೊನೆಯಲ್ಲಿ ಪಿಎಚ್ ಮತ್ತು ಆಮ್ಲಜನಕ ಮತ್ತೆ ಅಳೆಯಿರಿ.

ಲೆಕ್ಕಕ್ಕೆ ಕೂರುವ ಮೊದಲು ಹೋಲಿಕೆಯ ಬೀಕರ್‌ಗಳನ್ನು ನೋಡಿ. 20ರಲ್ಲಿ ಎರಡಕ್ಕಿಂತ ಹೆಚ್ಚು ಮರಿ ನಿಶ್ಚಲವಾಗಿದ್ದರೆ ಇಡೀ ಪರೀಕ್ಷೆ ರದ್ದು. ಯಾವುದೇ ಬೀಕರಿನಲ್ಲಿ ಆಮ್ಲಜನಕ ಲೀಟರಿಗೆ 3 ಮಿ.ಗ್ರಾಂಗಿಂತ ಇಳಿದಿದ್ದರೂ ಫಲಿತಾಂಶ ನಿಲ್ಲದು. ‘ಹೋಲಿಕೆಯಲ್ಲಿ ನಿಂತದ್ದು ಮೂರೇ ಮರಿ ಅಲ್ವಾ’ ಎಂದು ಬಿಡುವ ಆಸೆ ಬರುತ್ತದೆ. ಬಿಡಬೇಡಿ. ಹೋಲಿಕೆಯ ಬೀಕರ್ ನಿಮ್ಮ ಪರವಾಗಿ ಸಾಕ್ಷಿ ಹೇಳದಿದ್ದರೆ ಉಳಿದ 20 ಬೀಕರ್‌ಗಳ ಮಾತಿಗೆ ಬೆಲೆ ಇಲ್ಲ.

9. ಲೆಕ್ಕ

ಉದಾಹರಣೆಗೆ ಹೀಗೆ ಬಂತೆಂದುಕೊಳ್ಳಿ: ಶೇ. 100ರಲ್ಲಿ 20ಕ್ಕೆ 20 ನಿಶ್ಚಲ, 50ರಲ್ಲಿ 17, 25ರಲ್ಲಿ 8, 12.5ರಲ್ಲಿ 1, 6.25ರಲ್ಲಿ ಮತ್ತು ಹೋಲಿಕೆಯಲ್ಲಿ ಸೊನ್ನೆ. ಅರ್ಧದಷ್ಟು ಮರಿಗಳು ನಿಲ್ಲುವ ಜಾಗ ಶೇ. 25 (ನಿಶ್ಚಲ ಶೇ. 40) ಮತ್ತು ಶೇ. 50ರ (ನಿಶ್ಚಲ ಶೇ. 85) ನಡುವೆ ಇದೆ. ಮಟ್ಟಗಳು ದುಪ್ಪಟ್ಟಾಗುತ್ತಾ ಹೋಗುವುದರಿಂದ ಲಾಗ್ ಲೆಕ್ಕ ಬಳಸಬೇಕು. 25ರ ಲಾಗ್ 1.398. 40ರಿಂದ 50ಕ್ಕೆ 10 ಹೆಜ್ಜೆ, 40ರಿಂದ 85ಕ್ಕೆ 45 ಹೆಜ್ಜೆ, 10/45ನ್ನು 0.301ರಿಂದ (2ರ ಲಾಗ್) ಗುಣಿಸಿದರೆ 0.067. ಎರಡೂ ಸೇರಿ 1.465, ಅದರ ಪ್ರತಿಲಾಗ್ ಸುಮಾರು 29. ಅಂದರೆ ಇಸಿ-50 ಶೇ. 29. ನೂರನ್ನು ಅದರಿಂದ ಭಾಗಿಸಿದರೆ 3.4 ‘ವಿಷಘಟಕ’. ಈ ಸಂಖ್ಯೆ ಹೆಚ್ಚಿದಷ್ಟೂ ನೀರು ಹೆಚ್ಚು ವಿಷ, ಹಾಗಾಗಿ ಬಡಾವಣೆಯ ಸಭೆಯಲ್ಲಿ ವಿವರಿಸಲು ಇದು ಸುಲಭ.

ಶೇ. 100ರಲ್ಲೂ ಅರ್ಧಕ್ಕಿಂತ ಕಡಿಮೆ ಮರಿ ನಿಂತಿದ್ದರೆ ಇಸಿ-50 ಲೆಕ್ಕ ಹಾಕಬೇಡಿ. ಎಷ್ಟು ನಿಂತವು ಎಂದಷ್ಟೇ ಬರೆಯಿರಿ. ಎರಡು ದಿನದಲ್ಲಿ ತೋರದ ವಿಷ ಎರಡು ವಾರದಲ್ಲಿ ತೋರಬಹುದು, ಆದ್ದರಿಂದ ‘ವಿಷವಿಲ್ಲ’ ಎಂದು ಬರೆಯುವ ಬದಲು ‘48 ಗಂಟೆಯಲ್ಲಿ ಪರಿಣಾಮ ಕಾಣಲಿಲ್ಲ’ ಎಂದು ಬರೆಯಿರಿ.

10. ಯಾವ ಬಗೆಯ ವಿಷ?

ಮರಿಗಳು ನಿಂತವೆಂದರೆ ನೀರು ಕೊಲ್ಲುತ್ತದೆ ಎಂದಷ್ಟೇ ತಿಳಿಯಿತು. ಕೊಂದದ್ದು ಏನೆಂದು ಅವು ಹೇಳವು. ಆದರೆ ಮಾದರಿಯನ್ನು ಪಾಲು ಮಾಡಿ ಒಂದೊಂದು ಪಾಲಿನಿಂದ ಒಂದೊಂದು ಬಗೆಯ ವಿಷವನ್ನು ಕಳೆದು ನೋಡಿದರೆ ಸುಳಿವು ಸಿಗುತ್ತದೆ. ಪ್ರತಿ ಪಾಲಿಗೆ ಎರಡು ಬೀಕರ್, ಹತ್ತು ಮರಿ ಸಾಕು. ಅದೇ ಉಪಚಾರವನ್ನು ಅಳತೆಯ ನೀರಿಗೂ ಮಾಡಿದ ಹೋಲಿಕೆ ಕಡ್ಡಾಯ.

ಕ್ಲೋರಿನ್ನನ್ನು ಕಳೆಯುವ ಸೋಡಿಯಂ ಥಯೋಸಲ್ಫೇಟ್ ಅನ್ನು ಲೀಟರಿಗೆ 10 ಮತ್ತು 25 ಮಿ.ಗ್ರಾಂನಂತೆ ಎರಡು ಪಾಲಿಗೆ ಹಾಕಿ. ಮರಿಗಳು ಉಳಿದರೆ ಮೊದಲ ಅನುಮಾನ ಕ್ಲೋರಿನ್ ಮೇಲೆ. ತಾಮ್ರ, ಬೆಳ್ಳಿಯಂಥ ಕೆಲವು ಲೋಹಗಳನ್ನೂ ಇದು ಕಟ್ಟಿಹಾಕುತ್ತದೆ ಎಂಬುದನ್ನು ಮರೆಯಬೇಡಿ. ಕ್ಲೋರಿನ್ ಕಿಟ್ ಸೊನ್ನೆ ತೋರಿಸಿಯೂ ಥಯೋಸಲ್ಫೇಟಿನಿಂದ ಮರಿ ಉಳಿದರೆ ಲೋಹದ ಕಡೆ ತಿರುಗಿ.

ಲೋಹಕ್ಕೆ ಡೈಸೋಡಿಯಂ ಇಡಿಟಿಎ (ಲೋಹಗಳನ್ನು ಹಿಡಿದಿಡುವ ರಾಸಾಯನಿಕ), ಲೀಟರಿಗೆ 3 ಮತ್ತು 8 ಮಿ.ಗ್ರಾಂ. ಹಾಕಿ ಎರಡು ಮೂರು ಗಂಟೆ ಬಿಟ್ಟು ಆಮೇಲೆ ಮರಿ ಬಿಡಿ. ತಾಮ್ರ, ಸತು, ನಿಕಲ್, ಕ್ಯಾಡ್ಮಿಯಂ ಇದಕ್ಕೆ ಸಿಕ್ಕಿಬೀಳುತ್ತವೆ. ಅತಿಯಾದರೆ ಇದು ಕ್ಯಾಲ್ಸಿಯಮ್ಮನ್ನೂ ಹಿಡಿದು ಮರಿಗಳಿಗೇ ತೊಂದರೆ ಮಾಡುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಕಡೆಯ ಕಾಲುವೆ ನೀರು ನೋಡುವವರಿಗೆ ಒಂದು ಎಚ್ಚರಿಕೆ: ಲೋಹಲೇಪನ ಘಟಕಗಳಿಂದ ಬರಬಹುದಾದ ಕ್ರೋಮೇಟ್ (ಆರು ವೇಲೆನ್ಸಿಯ ಕ್ರೋಮಿಯಂ) ಇಡಿಟಿಎಗೆ ಸಿಗುವುದಿಲ್ಲ. ಇಡಿಟಿಎ ಹಾಕಿಯೂ ಮರಿ ನಿಂತರೆ ‘ಲೋಹ ಇಲ್ಲ’ ಎಂದು ತೀರ್ಮಾನಿಸದೆ ಕ್ರೋಮಿಯಮ್ಮನ್ನು ಲ್ಯಾಬಿನಲ್ಲಿ ಪ್ರತ್ಯೇಕವಾಗಿ ಅಳೆಸಿ.

ಬೆಂಗಳೂರಿನ ಕೊಳಚೆ ಸೇರುವ ಕೆರೆಗಳಲ್ಲಿ ಮೊದಲು ನೋಡಬೇಕಾದದ್ದು ಅಮೋನಿಯಾ. ಒಂದು ಪಾಲನ್ನು ಪಿಎಚ್ 6.5ಕ್ಕೆ, ಇನ್ನೊಂದನ್ನು 8.5ಕ್ಕೆ ತೆಳು ಆಮ್ಲ ಮತ್ತು ಕ್ಷಾರದ ಹನಿಗಳಿಂದ ತನ್ನಿ. 6.5ರಲ್ಲಿ ಮರಿ ಉಳಿದು 8.5ರಲ್ಲಿ ನಿಂತರೆ ಅಮೋನಿಯಾದ ಕಡೆ ಬೊಟ್ಟು. ಕಾರಣ ಹೀಗಿದೆ: ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಜೀವಕೋಶದೊಳಗೆ ಸುಲಭವಾಗಿ ನುಗ್ಗುವುದು ವಿದ್ಯುದಂಶವಿಲ್ಲದ ರೂಪ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಆ ರೂಪ ಶೇ. 0.6ರಷ್ಟು, ಪಿಎಚ್ 8ಕ್ಕೆ ಶೇ. 5ರಷ್ಟು, ಪಿಎಚ್ 9ಕ್ಕೆ ಶೇ. 36ರಷ್ಟು. ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪಿಎಚ್ ಏರುತ್ತದೆ. ಬೆಳಿಗ್ಗೆ ಆರಕ್ಕೆ ತೆಗೆದ ಮಾದರಿ, ಮಧ್ಯಾಹ್ನ ಮೂರಕ್ಕೆ ತೆಗೆದ ಮಾದರಿ ಎರಡರ ಫಲಿತಾಂಶ ಬೇರೆಯಾದರೆ ಬೆರಗಾಗಬೇಡಿ, ಎರಡನ್ನೂ ದಾಖಲಿಸಿ.

ಕೀಟನಾಶಕ, ದ್ರಾವಕಗಳಂಥ ಸಾವಯವ ವಿಷಕ್ಕೆ ಒಂದು ಪಾಲನ್ನು ಚೆನ್ನಾಗಿ ತೊಳೆದ ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಿ ನೋಡಬಹುದು. ಇದ್ದಿಲು ಕ್ಲೋರಿನ್ನನ್ನೂ ಕೆಲವು ಲೋಹಗಳನ್ನೂ ತೆಗೆಯುವುದರಿಂದ ಮೇಲಿನ ಮೂರೂ ಮುಗಿದ ಮೇಲೆಯೇ ಇದರ ಫಲಿತಾಂಶವನ್ನು ಅರ್ಥೈಸಿ.

11. ಫಲಿತಾಂಶವನ್ನು ಎಲ್ಲಿಗೆ ಒಯ್ಯುವುದು

ಈ ಪರೀಕ್ಷೆ ಕಾನೂನಿನ ಸಾಕ್ಷ್ಯವಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯ 21ನೇ ಕಲಂ ಪ್ರಕಾರ ಮಾದರಿ ತೆಗೆಯುವ ಅಧಿಕಾರ ಮಾಲಿನ್ಯ ನಿಯಂತ್ರಣ ಮಂಡಳಿಯದು, ಅದಕ್ಕೆ ನೋಟಿಸ್ ಕೊಟ್ಟು ಮಾದರಿಯನ್ನು ಎರಡು ಪಾಲು ಮಾಡುವ ವಿಧಿ ಇದೆ. ನಿಮ್ಮ ಫಲಿತಾಂಶ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ದೂರಿಗೆ ಬಲ ಕೊಡುತ್ತದೆ. ಎಲ್ಲಿ, ಯಾವ ಹೊತ್ತಿನಲ್ಲಿ, ಏನನ್ನು ಅಳೆಯಬೇಕೆಂದು ತೋರಿಸುತ್ತದೆ. ಪರಿಸರ ಸಂರಕ್ಷಣಾ ನಿಯಮಗಳ 6ನೇ ಅನುಸೂಚಿಯಲ್ಲಿ ಕಾರ್ಖಾನೆ ನೀರಿಗೆ ಮೀನಿನ ಪರೀಕ್ಷೆ ಇದೆ: ತೆಳುಗೊಳಿಸದ ನೀರಿನಲ್ಲಿ 96 ಗಂಟೆಯ ನಂತರ ಶೇ. 90 ಮೀನು ಬದುಕಿರಬೇಕು. ದೂರಿನಲ್ಲಿ ಆ ಪರೀಕ್ಷೆ ಮಾಡಿಸಿ ಎಂದು ಹೆಸರಿಟ್ಟು ಕೇಳಿ. ಜೊತೆಗೆ ಜಾತಿ, ಮರಿಯ ವಯಸ್ಸು, ಉಷ್ಣತೆ, ಮಾದರಿ ತೆಗೆದ ಜಾಗ ಮತ್ತು ಹೊತ್ತು, ಪಿಎಚ್, ಆಮ್ಲಜನಕ, ಪ್ರತಿ ಬೀಕರಿನ ಎಣಿಕೆ, ಹೋಲಿಕೆಯ ಫಲಿತಾಂಶ, ಆ ತಿಂಗಳ ಉಪ್ಪಿನ ಇಸಿ-50 ಇಷ್ಟನ್ನೂ ಲಗತ್ತಿಸಿ.

12. ಮುಗಿದ ಮೇಲೆ

ಉಳಿದ ಮರಿಗಳನ್ನು ತಳಿಯ ಜಾಡಿಗೆ ಹಿಂದಿರುಗಿಸಬೇಡಿ, ಕೆರೆಗಂತೂ ಬಿಡಲೇಬೇಡಿ. ಅಂಗಡಿಯಿಂದ ತಂದ ಜೀವಿ ಈ ಕೆರೆಯದ್ದೇ ಎಂದು ಹೇಳಲಾಗದು. ಕುದಿಯುವ ನೀರು ಹಾಕಿ ಅವನ್ನು ಕೊಂದು, ನೀರನ್ನು ಶೌಚಾಲಯಕ್ಕೆ ಸುರಿಯಿರಿ. ಬೀಕರ್‌ಗಳನ್ನು ಶೇ. 10 ನೈಟ್ರಿಕ್ ಆಮ್ಲದಲ್ಲಿ ತೊಳೆಯುವುದು ಲ್ಯಾಬಿನ ಕ್ರಮ. ಮನೆಯಲ್ಲಾದರೆ ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಜಾಲಿಸಿ, ಬೋರಲು ಹಾಕಿ ಒಣಗಿಸಿ. ಈ ಬೀಕರ್‌ಗಳು ಮತ್ತೆ ಅಡುಗೆಮನೆಗೆ ಹೋಗಬಾರದು.